ಒಲೆಯಿಲ್ಲದ ಖೋಲಿ

ನಮ್ಮದೇ ಹಿತ್ತಲಲ್ಲಿ ಒಂದು ಒಲೆ ಹೂಡಲು ಸರಕಾರವನ್ನು ಕೇಳಬೇಕು ಎಂದು ಗೊತ್ತಾದ ದಿನ ನನಗೆ ಮೊದಲು ಬಂದದ್ದು ನಗು. ನಾನು ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯವಳು. ನಮ್ಮಲ್ಲಿ ಮೂರು ಕಲ್ಲು ಸಿಕ್ಕರೆ ಒಲೆ, ನಾಲ್ಕು ಗಳ ಸಿಕ್ಕರೆ ಮನೆ. ಕೇಳುವುದಿದ್ದರೆ ಬಾಜೂ ಮನೆಯವರನ್ನು ಕೇಳಬೇಕು, ಅದೂ ಗಳ ಹಿಡಿಯಲು ಬರುತ್ತೀರಾ ಎಂದು.

ಮದುವೆಯಾಗಿ ಬೆಳಗಾವಿಯ ಖಾಸಬಾಗಕ್ಕೆ ಬಂದು ಆರು ವರ್ಷವಾಯಿತು. ನಮ್ಮ ಮನೆಯವರು ಮಚ್ಛೆಯ ಕಾರ್ಖಾನೆಗೆ ಹೋದರೆ ಬರುವುದು ಸಂಜೆಯೇ. ಮಗ್ಗದ ಸದ್ದು, ನಳದ ಪಾಳಿ, ಅರ್ಧ ಮರಾಠಿ ಅರ್ಧ ಕನ್ನಡದ ಜಗಳ, ಎಲ್ಲ ರೂಢಿಯಾಯಿತು. ಅಕ್ಕ ಇಲ್ಲದ್ದು ಮಾತ್ರ ರೂಢಿಯಾಗಲಿಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಗಂಡ ತೀರಿಕೊಂಡ ಮೇಲೆ ನಮ್ಮ ತವರಿನಲ್ಲೇ ಒಬ್ಬಳೇ ಇದ್ದಳು. ಬಾ ಎಂದರೆ, ತಂಗಿಯ ಗಂಡನ ಮನೆಯ ಅನ್ನ ಎಷ್ಟು ದಿನ ಉಣ್ಣಲಿ ಎನ್ನುತ್ತಿದ್ದಳು. ಕೊನೆಗೆ ಒಂದು ಮಾತಿಗೆ ಒಪ್ಪಿದಳು: ಹಿತ್ತಲಲ್ಲಿ ಒಂದು ಖೋಲಿ, ಅದರಲ್ಲಿ ಅವಳದೇ ಒಲೆ.

ನಕ್ಷೆ ಬರೆಯುವ ಎಂಜಿನಿಯರ್ ಸಾಹೇಬರು ಮೊದಲು ಉತಾರ ಕೇಳಿದರು. ಜಾಗ ಯಾರ ಹೆಸರಿನಲ್ಲಿದೆ ಎಂದು ಹೇಳುವ ಕಾಗದ ಅದು. ಆಮೇಲೆ ಟೇಪು ಹಿಡಿದು, ಈ ಗೋಡೆಯಿಂದ ಇಷ್ಟು ಬಿಡಬೇಕು, ಆ ಗಟಾರದಿಂದ ಅಷ್ಟು ಬಿಡಬೇಕು ಎಂದು ಬಿಡುತ್ತಲೇ ಹೋದರು. ಕೊನೆಗೆ ಒಂದು ಮಂಚ, ಒಂದು ಟ್ರಂಕು, ಒಂದು ಒಲೆಗೆ ಸಾಲುವಷ್ಟು ಜಾಗ ಉಳಿಯಿತು. ನನಗೂ ಅಷ್ಟೇ ಬೇಕಿತ್ತು. ಆದರೆ ಒಲೆಯ ಕಟ್ಟೆ ಎಂದ ಕೂಡಲೇ ಅವರ ಪೆನ್ಸಿಲು ನಿಂತಿತು.

"ಖೋಲಿಗೆ ಪರವಾನಗಿ ಸಿಗತೈತ್ರಿ ಬಾಯಾರ. ಒಲಿ ಇಟ್ರ ಅದು ಎರಡನೇ ಮನಿ ಆಗತೈತಿ. ಇಷ್ಟು ಜಾಗಾಕ ಒಂದ ಮನಿ."

ಊರಲ್ಲಿ ಇದನ್ನು ಓದುವವರು ನಗಬೇಡಿ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ಒಲೆ ಬೇರೆಯಾದ ದಿನ ಮನೆ ಬೇರೆಯಾಯಿತು ಎನ್ನುವವರು ನಾವೇ. ನಮ್ಮ ಹಿರಿಯರ ಮಾತೇ ಇಲ್ಲಿ ಕಾಯಿದೆಯಾಗಿ ನನಗೆ ಅಡ್ಡ ನಿಂತಿತ್ತು. ಸಿಟ್ಟು ಯಾರ ಮೇಲೆ ಮಾಡಲಿ?

ಒಲೆಯಿಲ್ಲದ ನಕ್ಷೆ ಪಾಸಾಗಿ ಖೋಲಿ ಎದ್ದಿತು. ಆಮೇಲೊಂದು ಸ್ಟೋವ್ ಇಟ್ಟುಕೊಂಡರೆ ಯಾರು ಬಂದು ನೋಡುತ್ತಾರೆ ಎಂದರು ನಮ್ಮ ಮನೆಯವರು. ಅದೇ ಧೈರ್ಯದಲ್ಲಿ ಸ್ಟೋವ್ ತಂದಿಟ್ಟು ಅಕ್ಕನನ್ನು ಕರೆತಂದೆ. ಬಾಗಿಲು ಹಾಕಿಕೊಂಡು ಹಚ್ಚು, ಯಾರಾದರೂ ಬಂದರೆ ಮಂಚದ ಕೆಳಗೆ ಸರಿಸು ಎಂದು ಹೇಳಿಕೊಟ್ಟೆ. ಅವಳು ಅದನ್ನು ಮುಟ್ಟಲೂ ಇಲ್ಲ.

"ಬಾಗಲಾ ಹಾಕ್ಕೊಂಡು ಅಡಗಿ ಮಾಡಾಕ ನಾ ಏನರ ಕದ್ದ ತಂದೀನೇನವಾ?"

ಹದಿನೈದು ದಿನ ನಮ್ಮಲ್ಲಿ ಉಂಡಳು. ಪ್ರತಿ ಸಲ ತನ್ನ ತಾಟು ತಾನೇ ತೊಳೆದಿಟ್ಟಳು, ಪಲ್ಯ ಇನ್ನಷ್ಟು ಬೇಕೆಂದು ಒಂದು ದಿನವೂ ಕೇಳಲಿಲ್ಲ. ಹದಿನಾರನೆಯ ದಿನ ಜಾಂಬೋಟಿಯ ಬಸ್ಸು ಹತ್ತಿದಳು.

ಈಗ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಆ ಖೋಲಿಯಲ್ಲಿ ನಾನೇ ಹೋಗಿ ಕೂರುತ್ತೇನೆ. ಕೂತರೆ ಅಳು ಬರುತ್ತದೆ, ಬಂದಷ್ಟು ಅತ್ತು ಎದ್ದು ಬರುತ್ತೇನೆ.

ಕಳೆದ ವಾರ ತಡೆಯಲಾರದೆ ಊರಿಗೆ ಹೋದೆ. ಅಕ್ಕ ಅನ್ನಕ್ಕೆ ಇಟ್ಟಿದ್ದಳು. ಕಟ್ಟಿಗೆ ಹಸಿ, ಒಳಗೆಲ್ಲ ಹೊಗೆ. ಚಿಕ್ಕಂದಿನಿಂದ ನಾನು ಊದಿದ ಒಲೆಯಲ್ಲವೇ ಎಂದು ಊದುಗೊಳವೆಗೆ ಕೈ ಚಾಚಿದೆ. ಅಕ್ಕ ಅದನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ನನಗೊಂದು ಮಣೆ ಹಾಕಿದಳು.

"ನೀ ಕುಂದರವಾ. ಬಂದಾಕಿ ಕಡಿಂದ ಕೆಲಸಾ ಮಾಡಸಬಾರ್ದು."