ಸೋಮವಾರದ ಫೈಲು

ತಾಳಿದವನು ಬಾಳಿಯಾನು ಎಂಬ ಗಾದೆ ಅಂಜನಾಳ ಕಿವಿಗೆ ಬಿದ್ದೇ ಇಲ್ಲ. ಶಹಾಬಜಾರದ ಮನೆಯಲ್ಲಿ ಚಹಾ ಕೂಡ ನಿಂತೇ ಕುಡಿಯುತ್ತಾಳೆ. ಕಲಬುರಗಿಯ ಕಾಲೇಜೊಂದರ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾಳೆ, ಅವಳ ಕುರ್ಚಿ ಮಾತ್ರ ಹೊಸದಾಗಿಯೇ ಇದೆ. ಆ ಸೋಮವಾರ ಬೆಳಿಗ್ಗೆಯಂತೂ ಕಮಲಾಪುರದ ಬಸ್ಸಿನಲ್ಲಿ ಸೀಟು ಸಿಕ್ಕರೂ ಬಾಗಿಲ ಬಳಿಯೇ ನಿಂತಿದ್ದಳು.

ಕಮಲಾಪುರದ ಕೆಂಪು ಬಾಳೆಯ ವ್ಯಾಪಾರಿ ಸೂರ್ಯಕಾಂತನ ಹಣ್ಣು ಮಾಗಿಸುವ ಕೋಣೆಯ ಉಷ್ಣತೆ ಬರೆದಿಡಲು ಅವಳೇ ಕಂಪ್ಯೂಟರಿಗೆ ಪ್ರೋಗ್ರಾಂ ಮಾಡಿಕೊಟ್ಟಿದ್ದಳು. ಪರದೆಯ ಮೇಲೆ ಡಬ್ಬಿಗಳನ್ನಿಟ್ಟು ಗೆರೆ ಎಳೆದು ಜೋಡಿಸುವ ಬಗೆಯದು. ಕಂಪ್ಯೂಟರಿನಲ್ಲಿ ಫೈಲು ಇರುವ ಜಾಗದ ವಿಳಾಸದಿಂದ ಕೊನೆಯ ಹೆಸರನ್ನು ಒಂದು ಡಬ್ಬಿ ಕಳಚುತ್ತದೆ, ಇನ್ನೊಂದು ಆ ದಿನದ ಹೆಸರನ್ನು ಸೇರಿಸುತ್ತದೆ. “ತಾರೀಖ ಯಾರಿಗಿ ನೆನಪಿರ್ತದ ಮೇಡಂ, ವಾರದ ಹೆಸರ ಇಡ್ರಿ,” ಎಂದಿದ್ದ ಸೂರ್ಯಕಾಂತ. ಇಟ್ಟಳು. ಇಷ್ಟು ಓದಿದವಳಿಗೆ ಸೋಮವಾರ ಮತ್ತೆ ಬರುತ್ತದೆ ಎಂಬುದು ಹೊಳೆಯಲಿಲ್ಲ.

ಹೊಳೆದದ್ದು ಆ ಸೋಮವಾರವೇ, ಬೆಳಿಗ್ಗೆ ಆರು ಗಂಟೆಗೆ ಅವನ ಫೋನು ಬಂದಾಗ. “ಹ್ವಾದ ಸೋಮವಾರ ಕೋಣಿ ನೋಡ್ಕೊಳ್ಳೊ ಶಂಕ್ರಮ್ಮ ಬಾಗಿಲ ತೆರದು ಬಿಟ್ಟಾಳ್ರಿ. ಕಾಯಿ ಎಲ್ಲ ಅರ್ಧಂಬರ್ಧ ಹಣ್ಣಾಗ್ಯಾವ. ಕೇಳಿದ್ರ ಬಾಯೇ ಬಿಡವಲ್ಲಳು. ಇವತ್ತಿಂದ ಕೆಲಸಕ್ಕ ಬರಬ್ಯಾಡ ಅಂದೀನಿ.”

ಬಾಗಿಲು ಯಾವ ಹೊತ್ತಿಗೆ ತೆರೆದಿತ್ತೆಂದು ಹೋದ ಸೋಮವಾರದ ಫೈಲು ಹೇಳುತ್ತದೆ. ಆದರೆ ಎಂಟಕ್ಕೆ ಪ್ರೋಗ್ರಾಂ ತಾನಾಗಿ ಶುರುವಾಗಿ, ಹೊಸ ಸೋಮವಾರವನ್ನು ಹಳೆಯದರ ಮೇಲೆಯೇ ಬರೆದುಬಿಡುತ್ತದೆ. ಸೂರ್ಯಕಾಂತನೋ, ಕಂಪ್ಯೂಟರ್ ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ಮಾರು ದೂರ ನಿಲ್ಲುವವನು. ಮಹಾಗಾಂವ ದಾಟುವಷ್ಟರಲ್ಲಿ ಅಂಜನಾ ಹತ್ತು ಸಲ ಗಡಿಯಾರ ನೋಡಿದ್ದಳು.

ಕಮಲಾಪುರ ಮುಟ್ಟಿ ಏಳು ಐವತ್ತಕ್ಕೆ ಫೈಲು ತೆರೆದಳು. ಹನ್ನೆರಡೂವರೆಯಿಂದ ಮೂರರವರೆಗೆ ಉಷ್ಣತೆ ಏರಿಯೇ ಇತ್ತು. ಆ ದಿನ ಅಂಜನಾಳೂ ಇಲ್ಲಿಗೆ ಬಂದಿದ್ದಳು. ಆ ಹೊತ್ತಿಗೆ ಶಂಕ್ರಮ್ಮ ಕೀಲಿಯನ್ನು ಇವಳ ಕೈಗೆ ಕೊಟ್ಟು ಊಟಕ್ಕೆ ಹೋಗಿದ್ದಳು. ಒಳಗಿನ ವೈರು ಬದಲಿಸಿ, ಬಸ್ಸು ತಪ್ಪೀತೆಂದು ಗಡಿಬಿಡಿಯಲ್ಲಿ ಬಾಗಿಲು ಹಾಕದೆ ಓಡಿದವಳು ಇವಳೇ.

ಇನ್ನು ಎಂಟು ನಿಮಿಷ ಸುಮ್ಮನಿದ್ದರೆ ಸಾಕು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಆದರೂ ವಾರದ ಡಬ್ಬಿಯ ಗೆರೆ ಕಿತ್ತು, ತಾರೀಖಿನ ಡಬ್ಬಿಗೆ ಜೋಡಿಸಿದಳು. ಎಂಟಾಯಿತು. ಹೊಸ ಹೆಸರಿನ ಫೈಲು ಹುಟ್ಟಿತು, ಹಳೆಯದು ಹಾಗೆಯೇ ಉಳಿಯಿತು.

ಸೂರ್ಯಕಾಂತನನ್ನೂ, ಕೂಲಿಯ ಲೆಕ್ಕ ಕೇಳಲು ಬಂದು ಹೊರಗೆ ಕೂತಿದ್ದ ಶಂಕ್ರಮ್ಮನನ್ನೂ ಒಳಗೆ ಕರೆದಳು.

“ಅಣ್ಣಾರ, ಬಾಗಿಲ ತೆರದು ಬಿಟ್ಟಾಕಿ ನಾನು. ಇಲ್ಲಿ ನೋಡ್ರಿ, ಟೈಮ್ ಸುದ್ದಾ ಅದ.”

ಸೂರ್ಯಕಾಂತ ಪರದೆ ನೋಡಿದ, ಶಂಕ್ರಮ್ಮನ ಕಡೆ ನೋಡಲಾರದೆ ನೆಲ ನೋಡಿದ.

“ನಿನಗ ಗೊತ್ತಿತ್ತೇನು?” ಎಂದು ಅಂಜನಾ ಮೆಲ್ಲಗೆ ಕೇಳಿದಳು.

“ಗೊತ್ತಿತ್ತವ್ವ. ಮೂರಕ್ಕ ಬಂದು ಬಾಗಿಲ ಮುಚ್ಚಿದಾಕಿ ನಾನಾ,” ಎಂದಳು ಶಂಕ್ರಮ್ಮ. “ಮೇಡಂ ತೆರದು ಹೋಗ್ಯಾರ ಅಂತ ನಾ ಹೇಳಿದ್ರ, ನಂಬವ್ರು ಯಾರಿದ್ರು?”