ಕೀಲಿಮಣೆ ಮುಟ್ಟದ ಸಿಗ್ನಲ್ ಅಕ್ಕ

ಬೆಳಗಿನ ಆರೂ ಕಾಲು. ಮೂರನೇ ಮಹಡಿಯ ಅಡುಗೆಮನೆಯ ಮೇಜಿನ ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಕರೆಸಿರುವುದು ಲ್ಯಾಪ್‌ಟಾಪಿಗೆ ವೈಫೈ ಹಿಡಿಸಲು. ಇವರೋ ಅದನ್ನು ಮುಟ್ಟುವುದೇ ಇಲ್ಲ. ಬೀದಿಯವರ ಬಾಯಲ್ಲಿ ಇವರು ಸಿಗ್ನಲ್ ಅಕ್ಕ.

ಮನೆಯೊಡತಿ ವೈದ್ಯರ ಧ್ವನಿಮುದ್ರಣ ಕೇಳಿ ವರದಿ ಟೈಪ್ ಮಾಡಿಕೊಡುವವರು. ಮೊನ್ನೆ ಹೊಸ ರೂಟರ್ ಬಂದಾಗಿನಿಂದ ಲ್ಯಾಪ್‌ಟಾಪ್ ಮುಷ್ಕರ ಹೂಡಿದೆ. ಎರಡು ದಿನ ಕೆಲಸ ತಪ್ಪಿದೆ. ಇವತ್ತು ಏಳಕ್ಕೆ ಹಾಜರಾಗದಿದ್ದರೆ ನೌಕರಿಯೇ ಹೋಗುತ್ತದೆ. ಬೀದಿಯ ಕಂಪ್ಯೂಟರ್ ಅಂಗಡಿಯವನು ಬಂದು ನೋಡಿ, ಎಂಟು ವರ್ಷದ ಯಂತ್ರ, ಹೊಸ ರೂಟರಿಗೆ ಒಗ್ಗುವುದಿಲ್ಲ, ಬಿಸಾಡಿ ಬೇರೆ ಕೊಳ್ಳಿ ಎಂದು ಷರಾ ಬರೆದು ಹೋಗಿದ್ದಾನೆ.

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಯಂತ್ರಕ್ಕೇನೂ ಆಗಿಲ್ಲ. ನಾನು ಹೇಳ್ತೀನಿ, ನೀವು ಒತ್ತಿ," ಎನ್ನುತ್ತಾರೆ ಅಕ್ಕ.

ಅದೇ ಅಂಗಡಿಯಲ್ಲಿ ಅಕ್ಕ ಒಂಬತ್ತು ವರ್ಷ ದುಡಿದಿದ್ದಾರೆ. ಸರಿಯಿದ್ದ ಯಂತ್ರವನ್ನು ಕೆಟ್ಟಿದೆ ಎನ್ನಲು ಒಪ್ಪದ್ದಕ್ಕೆ ಅವರನ್ನು ಹೊರಹಾಕಿದರು. ಗಂಡ ಹಾಸಿಗೆ ಹಿಡಿದಿದ್ದ ವರ್ಷವದು. ಕ್ಷಮೆ ಕೇಳಿದರೆ ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರೂ ಇವರು ಹೋಗಲಿಲ್ಲ. ಈಗ ದಿನಕ್ಕೆ ನಾಲ್ಕೈದು ಮನೆಗಳ ಮೆಟ್ಟಿಲು ಹತ್ತಿಳಿಯುತ್ತಾರೆ. ಹತ್ತು ಲ್ಯಾಪ್‌ಟಾಪುಗಳಲ್ಲಿ ನಿಜಕ್ಕೂ ಕೆಟ್ಟಿರುವುದು ಹೆಚ್ಚೆಂದರೆ ಒಂದು ಎಂಬುದು ಅವರ ಅನುಭವ. ಈ ಮೊಂಡುತನ ಕಂಡು, ಇವತ್ತು ಅವರ ಜೊತೆ ಬಂದಿರುವ ನನಗೆ ಹೊಟ್ಟೆಕಿಚ್ಚೇ ಆಗುತ್ತದೆ.

ಮೊದಲ ಎಡವಟ್ಟು ಬೇಗ ಸಿಗುತ್ತದೆ. ಗೊಂದಲ ಬೇಡವೆಂದು ಒಡತಿಯ ಗಂಡ ಹೊಸ ರೂಟರಿಗೂ ಹಳೆಯ ಹೆಸರನ್ನೇ ಇಟ್ಟಿದ್ದಾರೆ. ಪಾಸ್‌ವರ್ಡ್ ಮಾತ್ರ ಬೇರೆ. ಪರಿಚಯದ ಹೆಸರು ಕಂಡೊಡನೆ ಲ್ಯಾಪ್‌ಟಾಪ್ ಹಳೆಯ ಪಾಸ್‌ವರ್ಡನ್ನೇ ಒಪ್ಪಿಸುತ್ತಿದೆ. ಅಕ್ಕ ಹಳೆಯ ಸಂಪರ್ಕ ಅಳಿಸಲು ಹೇಳಿ ಹೊಸ ಪಾಸ್‌ವರ್ಡ್ ಟೈಪ್ ಮಾಡಿಸುತ್ತಾರೆ. ಆದರೂ ಹಿಡಿಯುವುದಿಲ್ಲ. ಗಂಟೆ ಆರೂ ಮುಕ್ಕಾಲು. ನೀವೇ ಮಾಡಿಬಿಡಿ ಅಕ್ಕ ಎಂದು ಒಡತಿ ಅಂಗಲಾಚುತ್ತಾರೆ.

"ನಾನು ಮುಟ್ಟಿದ್ರೆ ಇವತ್ತಿಗೆ ಸರಿಹೋಗುತ್ತೆ. ನಾಳೆ ಆ ಅಂಗಡಿಯವನು ಬಂದು ಮತ್ತೆ ಹೆದರಿಸ್ತಾನೆ. ಇನ್ನೂ ಹದಿನೈದು ನಿಮಿಷ ಇದೆ, ಫೋನಲ್ಲಿ ರೂಟರ್ ಸೆಟ್ಟಿಂಗ್ ತೆಗೀರಿ."

ಅಲ್ಲಿ ವೈಫೈ ಭದ್ರತೆ ತೀರಾ ಹೊಸ ಬಗೆಯದು ಮಾತ್ರ ಆಯ್ಕೆಯಾಗಿದೆ. ಹಳೆಯ ಯಂತ್ರಕ್ಕೆ ಅದು ತಿಳಿಯದು. ಹಳತು, ಹೊಸತು ಎರಡನ್ನೂ ಒಪ್ಪುವ ಆಯ್ಕೆಯನ್ನು ಒಡತಿ ಒತ್ತುತ್ತಾರೆ. ರೂಟರ್ ಆರಿ ಹೊತ್ತಿಕೊಳ್ಳುತ್ತದೆ. ಏಳಕ್ಕೆ ನಾಲ್ಕು ನಿಮಿಷವಿರುವಾಗ ಸಂಪರ್ಕ ಸಿಕ್ಕಿ, ಹಾಜರಿ ಬೀಳುತ್ತದೆ. ಒಡತಿ ಅಳುತ್ತಾರೆ, ನಗುತ್ತಾರೆ.

ಬೆಳಗಾಗುವುದನ್ನೇ ಕಾದಿದ್ದವನಂತೆ ಅಂಗಡಿಯವನು ಫೋನ್ ಮಾಡುತ್ತಾನೆ, ಹೊಸ ಲ್ಯಾಪ್‌ಟಾಪ್ ಕಳಿಸಲೇ ಎಂದು. ಒಡತಿಯೇ ಹೇಳುತ್ತಾರೆ: "ಬೇಡ. ನಾನೇ ಸರಿಮಾಡ್ಕೊಂಡೆ."

ಹೀಗೆ ಎಲ್ಲರಿಗೂ ಕಲಿಸಿಬಿಟ್ಟರೆ ನಿಮ್ಮ ಹೊಟ್ಟೆಪಾಡಿನ ಗತಿಯೇನು ಎಂದು ಮೆಟ್ಟಿಲಿಳಿಯುವಾಗ ಕೇಳುತ್ತೇನೆ.

"ಈ ಬೀದೀಲಿ ಒಂದು ಮನೇಲೂ ಅವನ ಸುಳ್ಳು ನಡೀಬಾರದು," ಎನ್ನುತ್ತಾರೆ. "ಆಮೇಲೆ ನನ್ನನ್ನ ಯಾರೂ ಕರೀದಿದ್ರೆ, ಗೆದ್ದೆ ಅಂತ ಮನೇಲಿ ಕೂತ್ಕೋತೀನಿ."