ಮಾವನವರ ಎರಡು

ಇವತ್ತು ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಎರಡು ಬಕೆಟ್ ಬಟ್ಟೆ ಒಗೆದು, ಸೊಪ್ಪು ಬಿಡಿಸಿಟ್ಟು, ಮಧ್ಯಾಹ್ನ ಬೀರುವಿನ ಮೇಲಿನ ಧೂಳು ಹೊಡೆದೆ. ಅಲ್ಲೊಂದು ಹಳೆಯ ನೋಟ್‌ಬುಕ್ಕು ಸಿಕ್ಕಿತು. ತೆರೆದರೆ ನೋವಿನ ಮುಲಾಮಿನ ವಾಸನೆ ಇನ್ನೂ ಹಾಳೆಗಳಿಗೆ ಅಂಟಿಕೊಂಡಿದೆ.

ಅದರ ಕಥೆ ಹೇಳುತ್ತೇನೆ, ಕೂತುಕೊಳ್ಳಿ. ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದವರು. ಹಿಮದ ಗಡಿಯಲ್ಲಿ ಭಾರ ಹೊತ್ತು ಶುರುವಾದ ಬೆನ್ನುನೋವು ಅವರ ಜೊತೆಯಲ್ಲೇ ನಿವೃತ್ತಿಯಾಗಿ ನಮ್ಮೂರು ಕಿರುಗಾವಲಿಗೆ ಬಂತು. ಮೂರು ವರ್ಷದ ಹಿಂದೆ ಮಂಡ್ಯದ ಡಾಕ್ಟರಮ್ಮ, ದಿನವೂ ನೋವು ಹತ್ತಕ್ಕೆ ಎಷ್ಟು ಎಂದು ಬರೆದುಕೊಂಡು ಬನ್ನಿ ಎಂದರು. ಯಾವತ್ತು ಏನು ಸಾರು ಮಾಡಿದೆ ಎಂಬುದನ್ನೂ ಬರೆದಿಡುವ ಚಾಳಿ ನನ್ನದು. ಆ ಕೆಲಸ ನನಗೇ ಬಿತ್ತು.

ಬೆಳಗ್ಗೆ ಕಾಫಿ ಕೊಡುತ್ತ ಕೇಳುತ್ತಿದ್ದೆ. "ಎರಡು ಬರ್ಕೊ" ಎನ್ನುತ್ತಿದ್ದರು. ಗೋಡೆ ಹಿಡಿದು ಎದ್ದ ದಿನವೂ ಎರಡೇ. ಹುಷಾರಿಲ್ಲ ಎಂದು ಸಾಲಿನಿಂದ ಆಚೆ ನಿಂತವನನ್ನು ಉಳಿದ ಸಿಪಾಯಿಗಳು ನೋಡುವ ನೋಟವನ್ನು ಒಮ್ಮೆ ಅವರೇ ಹೇಳಿದ್ದರು. ಆ ನೋಟಕ್ಕೆ ಇನ್ನೂ ಹೆದರುತ್ತಿದ್ದರೋ ಏನೋ.

ಆದರೆ ಅವರ ಕಂಬಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಎದ್ದ ಕೂಡಲೇ ನಾಲ್ಕು ಮೂಲೆ ಸಮ ಬರುವಂತೆ ಮಡಿಸುವುದು ಅವರ ಮಿಲಿಟರಿ ಅಭ್ಯಾಸ. ನೋವಿದ್ದ ದಿನ ಮಡಿಕೆ ಸೊಟ್ಟ. ತೀರಾ ಕೆಟ್ಟ ದಿನ ಕಂಬಳಿ ಮುದ್ದೆಯಾಗಿ ಮೂಲೆಯಲ್ಲಿರುತ್ತಿತ್ತು. ಅವರ ಎರಡರ ಪಕ್ಕದಲ್ಲಿ ನಾನು ಪೆನ್ಸಿಲ್ಲಿನಲ್ಲಿ ಆರು, ಏಳು, ಎಂಟು ಎಂದು ಬರೆಯತೊಡಗಿದೆ. ಕಂಬಳಿ ನೋಡಿ ಬೆನ್ನು ಪರೀಕ್ಷೆ ಮಾಡುವ ವೈದ್ಯೆ ನಾನು!

ಮತ್ತೆ ಮಂಡ್ಯಕ್ಕೆ ಹೋದಾಗ ಮಾವ ಎದೆಯುಬ್ಬಿಸಿ ಎರಡು ಎಂದರು. ಹಾಗಾದರೆ ಇದೇ ಮಾತ್ರೆ ಸಾಕು, ಆರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರಮ್ಮ. ಆ ವಾರವೆಲ್ಲ ಮಾವ ಕಣ್ಣು ಮುಚ್ಚಿರಲಿಲ್ಲ. ನೋಟ್‌ಬುಕ್ಕು ತೋರಿಸಿದರೆ ಅವರು ಇನ್ನೆಂದೂ ನನ್ನನ್ನು ನಂಬಲಾರರು. ತೋರಿಸದಿದ್ದರೆ ಇನ್ನಾರು ತಿಂಗಳು ಹೀಗೇ ನರಳುತ್ತಾರೆ. ಕೊನೆಗೆ ಅದನ್ನು ಮೇಜಿನ ಮೇಲೆ ಡಾಕ್ಟರಮ್ಮನ ಕಡೆ ತಳ್ಳಿಬಿಟ್ಟೆ.

ಡಾಕ್ಟರಮ್ಮ ಓದಿ, ದಿನವೆಲ್ಲ ಇವರು ಏನು ಮಾಡುತ್ತಾರೆ ಎಂದು ಕೇಳಿದರು. "ಏನೂ ಮಾಡಕ್ಕೆ ಬಿಡಲ್ಲ ಮೇಡಂ, ಕುಡಿದ ಲೋಟನೂ ನಾನೇ ಎತ್ತಿಡ್ತೀನಿ" ಎಂದೆ, ಬಹುಮಾನ ಸಿಗುವವಳಂತೆ. ಅವರು ಪೆನ್ನು ಕೆಳಗಿಟ್ಟರು. ಕೂತಷ್ಟೂ ಬೆನ್ನು ಬಿಗಿಯುತ್ತದೆ, ನಡೆಯಲಿ, ಕೈಲಾದ ಕೆಲಸ ಮಾಡಲಿ, ನಾಲ್ಕು ಜನರ ಜೊತೆ ಬೆರೆಯಲಿ, ಚೆನ್ನಾಗಿ ನಿದ್ದೆ ಮಾಡಲಿ ಎಂದು ಹೇಳಿ, ಮಾತ್ರೆಯನ್ನೂ ಬದಲಾಯಿಸಿದರು. ಮುದ್ದು ಮಾಡಿ ಆ ಬೆನ್ನನ್ನು ಇನ್ನಷ್ಟು ಕೆಡಿಸಿದವಳು ನಾನೇ ಎಂದು ಅವತ್ತು ತಿಳಿಯಿತು.

ಬಸ್ಸಿನಲ್ಲಿ ಮಾವ ಬೇರೆ ಸೀಟಿಗೆ ಹೋಗಿ ಕೂತರು. ಕಿರುಗಾವಲಿನಲ್ಲಿ ಇಳಿದ ಮೇಲೆ ಒಂದೇ ಮಾತು: "ಪೆನ್ಸಿಲ್ ಇಡ್ಕಂಡು ನನ್ನೇ ಕಾಯ್ತಿದ್ಯಾ?"

"ಊ ಮಾವ. ನೀವು ಯೋಳ್ಲಿಲ್ವಲ್ಲ."

ಮೂರು ದಿನ ನನ್ನೊಡನೆ ಮಾತಿಲ್ಲ. ನಾಲ್ಕನೆಯ ಬೆಳಗ್ಗೆ ಚಿಕ್ಕ ಕ್ಯಾನಿಗೆ ಅರ್ಧ ಹಾಲು ಹಾಕಿಕೊಂಡು ತಾವೇ ಡೈರಿಗೆ ಹೊರಟರು. ನಾನು ಕಳ್ಳಿಯ ಹಾಗೆ ಹಿಂದೆ ಹೋದೆ. ಸಾಲಿನಲ್ಲಿ ಬಸವಣ್ಣನಿದ್ದ; ಅವನೂ ಮಿಲಿಟರಿಯಲ್ಲಿದ್ದವನೇ, ಮಂಡಿನೋವಿನವನು. ಅದೇ ಡಾಕ್ಟರಮ್ಮನ ಹತ್ತಕ್ಕೆ ಎಷ್ಟು ಎಂಬ ಲೆಕ್ಕ ಅವನಿಗೂ ಇತ್ತು.

"ನಂದು ಇವತ್ತು ಏಳು ಕಣ್ಲಾ" ಎಂದ.

ಮಾವ ಕ್ಯಾನು ಕೆಳಗಿಟ್ಟರು. "ನಂದು ಎಂಟು" ಎಂದರು.

"ಎಂಟಿಟ್ಕಂಡು ಹಾಲು ಹೊತ್ಕಂಡ್ ಬಂದಿದ್ದೀಯಲ್ಲ, ತತ್ತಾ ಇಲ್ಲಿ."

"ಬುಡ್ಲಾ, ಅರ್ಧ ಕ್ಯಾನು."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಓಡಿದೆ. ಅವತ್ತಿನಿಂದ ಅವರ ಡೈರಿ ನಡಿಗೆ ತಪ್ಪಿಲ್ಲ. ನೋವು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಹೆಚ್ಚಿನ ದಿನ ಮೂರೋ ನಾಲ್ಕೋ, ಚಳಿಗೆ ಆರು. ಆದರೆ ಅವರ ಬಾಯಿಂದ ಬಂದ ನಿಜವಾದ ಆರು.

ಇವತ್ತು ಸಂಜೆ ನೋಟ್‌ಬುಕ್ಕನ್ನು ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಹಾಳೆ ತಿರುವಿದರು. ಒಂದು ಕಡೆ ಬೆರಳಿಟ್ಟು ನಿಂತರು.

"ಇಲ್ಲಿ ಒಂಬತ್ತು ಬರ್ದಿದ್ದೀಯ. ಅದು ಹತ್ತು ಕಣವ್ವ."

ಪೆನ್ಸಿಲ್ ಕೇಳಿದರು. ಒಂಬತ್ತನ್ನು ಹೊಡೆದು ತಾವೇ ಹತ್ತು ಎಂದು ಬರೆದರು.

ರಾತ್ರಿ ಊಟಕ್ಕೆ ರಾಗಿಮುದ್ದೆ, ಸೊಪ್ಪಿನ ಉಪ್ಸಾರು, ಖಾರ. ಮಾವ ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ, ಎಲ್ಲರಿಗಿಂತ ಮೊದಲು ಮಲಗಿ ಗೊರಕೆ ಹೊಡೆಯುತ್ತಿದ್ದವರು ಅವರೇ.